ಉದ್ಯಾನದ ಹಿಂದಿನ ಓಣಿಯಲ್ಲಿ ಗಾಂಜಾ ಮಾರಾಟ: ಯಾರಿಗೆ, ಹೇಗೆ ತಿಳಿಸಬೇಕು?

ಸಂಘದ ಕಾರ್ಯದರ್ಶಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ವರ್ತುಲ ರಸ್ತೆಗೆ ಸಮೀಪದ ಬಡಾವಣೆಯೊಂದರಲ್ಲಿ 22 ವರ್ಷಗಳಿಂದ ವಾಸವಾಗಿದ್ದೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಇಲ್ಲಿನ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯ ಹೊಣೆಯನ್ನೂ ವಹಿಸಿಕೊಂಡಿದ್ದೇನೆ.

ನಮ್ಮ ಉದ್ಯಾನದ ಹಿಂಭಾಗದಲ್ಲಿ ಈಗ ಬಳಕೆಯಲ್ಲಿಲ್ಲದ ಒಂದು ಪಂಪ್‌ಹೌಸ್ ಇದೆ. ಅದರ ಪಕ್ಕದ ಓಣಿಯ ಬೀದಿದೀಪ ಕೆಟ್ಟು ಬಹಳ ತಿಂಗಳಾಯಿತು. ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಅಲ್ಲಿ ಒಂದು ಸ್ಕೂಟರ್ ನಿಂತಿರುತ್ತದೆ. ಕಾಲೇಜು ವಯಸ್ಸಿನ ಹುಡುಗರು ಬರುತ್ತಾರೆ, ಒಂದು ನಿಮಿಷವೂ ನಿಲ್ಲದೆ ಹೊರಟುಹೋಗುತ್ತಾರೆ. ಬೆಳಿಗ್ಗೆ ಉದ್ಯಾನ ಗುಡಿಸುವ ಹೆಣ್ಣುಮಗಳಿಗೆ ಸುತ್ತುವ ಕಾಗದ, ಅರ್ಧ ಸುಟ್ಟ ತುಂಡುಗಳು, ಕೆಲವೊಮ್ಮೆ ಮಾತ್ರೆಯ ಖಾಲಿ ಪಟ್ಟಿಗಳು ಸಿಗುತ್ತವೆ. ಇದು ಎಂಟು ತಿಂಗಳಿಂದ ನಡೆಯುತ್ತಿದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು, ಹದಿಮೂರು ಹದಿನಾಲ್ಕು ವರ್ಷದ ಒಬ್ಬ ಹುಡುಗ ಸ್ಕೂಟರಿನವನಿಂದ ಏನನ್ನೋ ಪಡೆದು ಓಣಿಯ ಇನ್ನೊಂದು ತುದಿಗೆ ಓಡಿ ತಲುಪಿಸುತ್ತಿದ್ದ ದೃಶ್ಯ.

ಎರಡು ತಿಂಗಳ ಹಿಂದೆ ಠಾಣೆಗೆ ಫೋನ್ ಮಾಡಿ, ಹೆಸರು ವಿಳಾಸ ಕೊಟ್ಟು, ಕಂಡದ್ದನ್ನು ಹೇಳಿದೆ. ಮರುದಿನ ಸಂಜೆ ಗಸ್ತು ವಾಹನ ಬಂದು ಹೋಯಿತು. ಆಗ ಓಣಿಯಲ್ಲಿ ಯಾರೂ ಇರಲಿಲ್ಲ. ಅದಾದ ಮೂರನೆಯ ದಿನ, ನಾನು ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದಾಗ ಯುವಕನೊಬ್ಬ ಬೈಕ್ ನಿಲ್ಲಿಸಿ, "ಟೀಚರಮ್ಮ, ವಯಸ್ಸಾದ ಮೇಲೆ ನೆಮ್ಮದಿಯಾಗಿರಬೇಕು, ಸ್ಟೇಷನ್ನಿಗೆಲ್ಲ ಯಾಕೆ ಫೋನ್ ಮಾಡ್ತೀರಿ" ಎಂದು ಹೇಳಿ ಹೋದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ನನ್ನ ನಿದ್ದೆಗೆಡಿಸಿತು.

ನನ್ನ ಪ್ರಶ್ನೆಗಳು ಎರಡು. ಮಾಹಿತಿ ಕೊಟ್ಟವರ ಹೆಸರು ಹೊರಬೀಳದಂತೆ ತಿಳಿಸುವ ದಾರಿ ನಿಜವಾಗಿ ಇದೆಯೇ? ತಿಳಿಸಿದರೆ ಒಂದು ಸಾರಿ ಗಾಡಿ ಬಂದು ಹೋಗುವುದಕ್ಕಿಂತ ಹೆಚ್ಚಿನದೇನಾದರೂ ಆಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ನಿವೃತ್ತ ಎ.ಎಸ್.ಐ., ಮಂಡ್ಯ

ಮೇಡಂ, ಪೊಲೀಸ್ ಇಲಾಖೆಯಲ್ಲಿ 34 ವರ್ಷ ದುಡಿದವನು ನಾನು. ನೀವು ಕೊಟ್ಟ ಮಾಹಿತಿ ಮೂರೇ ದಿನದಲ್ಲಿ ಆ ಹುಡುಗನ ಕಿವಿಗೆ ಬಿತ್ತೆಂದರೆ ತಪ್ಪು ನಮ್ಮ ಕಡೆಯದೇ. ಅದಕ್ಕೆ ಸಮಜಾಯಿಷಿ ಹೇಳುವುದಿಲ್ಲ, ಕ್ಷಮೆ ಕೇಳುತ್ತೇನೆ.

ಆದರೆ ಗಸ್ತಿನ ಗಾಡಿ ಬಂದು ಬರಿಗೈಯಲ್ಲಿ ಹೋದದ್ದರ ಹಿಂದೆ ಒಂದು ಕಾರಣವಿದೆ, ಅದನ್ನು ಅರಿತುಕೊಂಡರೆ ಮುಂದಿನ ಹೆಜ್ಜೆ ಸುಲಭವಾಗುತ್ತದೆ. ಮಾದಕವಸ್ತು ಪ್ರಕರಣದಲ್ಲಿ ಆಸಾಮಿಯ ಬಳಿ ಮಾಲು ಸಿಕ್ಕರೆ ಮಾತ್ರ ಪ್ರಕರಣ ಗಟ್ಟಿಯಾಗುತ್ತದೆ. ಬೀದಿಯಲ್ಲಿ ಮಾರುವವನು ಇದನ್ನು ನಮಗಿಂತ ಚೆನ್ನಾಗಿ ಬಲ್ಲ. ಅವನು ಮಾಲನ್ನು ಮೈಮೇಲೆ ಇಟ್ಟುಕೊಳ್ಳುವುದಿಲ್ಲ. ಕಾಂಪೌಂಡಿನ ಸಂದಿ, ಮೀಟರ್ ಪೆಟ್ಟಿಗೆ, ನಿಂತು ಹೋದ ಹಳೆಯ ಕಾರಿನ ಚಕ್ರದ ಹಿಂಭಾಗ, ಹೀಗೆ ಹತ್ತು ಹೆಜ್ಜೆ ದೂರದಲ್ಲಿ ಬಚ್ಚಿಟ್ಟು, ಹಣ ಕೈಗೆ ಬಂದ ಮೇಲೆ ಹುಡುಗನನ್ನು ಕಳುಹಿಸುತ್ತಾನೆ. ಸಮವಸ್ತ್ರದವರು ದೀಪ ಹೊತ್ತಿಸಿಕೊಂಡು ಗಾಡಿಯಲ್ಲಿ ಬಂದರೆ ಅವನಿಗೆ ಎಚ್ಚರಿಕೆ ಕೊಟ್ಟಂತೆ ಆಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಕಾನೂನಿನ ಕಟ್ಟುಪಾಡುಗಳೂ ಇವೆ. 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತು ತಡೆ ಕಾಯ್ದೆಯ, 42ನೇ ಕಲಮಿನ ಪ್ರಕಾರ ಮನೆ ಅಥವಾ ಮುಚ್ಚಿದ ಜಾಗದ ಶೋಧಕ್ಕೆ ಮುನ್ನ ಬಂದ ಮಾಹಿತಿಯನ್ನು ಬರೆದಿಡಬೇಕು, ಅದರ ಪ್ರತಿಯನ್ನು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ಮೈ ತಪಾಸಣೆ ಮಾಡುವ ಮೊದಲು, ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ತಪಾಸಣೆಗೆ ಒಳಗಾಗುವ ಹಕ್ಕು ಅವನಿಗಿದೆ ಎಂದು 50ನೇ ಕಲಮಿನಂತೆ ಹೇಳಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ನ್ಯಾಯಾಲಯದಲ್ಲಿ ಆರೋಪಿ ಹೊರಗೆ ಬರುತ್ತಾನೆ, ಬಂದವನು ನೇರವಾಗಿ ನಿಮ್ಮ ಓಣಿಗೇ ಬರುತ್ತಾನೆ. ಆದ್ದರಿಂದ ಒಳ್ಳೆಯ ಅಧಿಕಾರಿ ಆತುರಪಡುವುದಿಲ್ಲ. ಮಫ್ತಿಯಲ್ಲಿ ಇಬ್ಬರನ್ನು ನಾಲ್ಕು ದಿನ ಕೂರಿಸುತ್ತಾನೆ.

ಅಂಥ ಅಧಿಕಾರಿಗೆ ನೆರವಾಗುವ ಮಾಹಿತಿ ಯಾವುದು? ವಾರದ ಯಾವ ದಿನಗಳು, ಎಷ್ಟು ಗಂಟೆ, ವಾಹನದ ಸಂಖ್ಯೆ ಮತ್ತು ಬಣ್ಣ, ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಗುತ್ತದೆ, ಮಾಲನ್ನು ಎಲ್ಲಿಂದ ತೆಗೆಯುತ್ತಾರೆ. "ಅವನು ಮಾರುತ್ತಾನೆ ಸಾರ್, ಇಡೀ ಬೀದಿಗೇ ಗೊತ್ತು" ಎನ್ನುವ ಮಾತಿನಿಂದ ಯಾವ ಕೆಲಸವೂ ಆಗದು. ಇನ್ನು 112 ಸಂಖ್ಯೆ ಕಣ್ಣೆದುರಿನಲ್ಲಿ ಹೊಡೆದಾಟವೋ ಅಪಾಯವೋ ಇದ್ದಾಗ ಮಾತ್ರ. ಅಲ್ಲಿ ನಿಮ್ಮ ಸಂಖ್ಯೆ ದಾಖಲಾಗುತ್ತದೆ, ಸ್ಥಳಕ್ಕೆ ಬಂದವರು ನಿಮಗೇ ಮರಳಿ ಫೋನ್ ಮಾಡುತ್ತಾರೆ, ಕೆಲವೊಮ್ಮೆ ನಿಮ್ಮ ಗೇಟಿನ ಮುಂದೆಯೇ ನಿಲ್ಲುತ್ತಾರೆ. ದಿನವೂ ನಡೆಯುವ ಮಾರಾಟದ ಮಾಹಿತಿಗೆ ಅದು ತಕ್ಕ ದಾರಿಯಲ್ಲ. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 1933 ಸಹಾಯವಾಣಿ ಮಾದಕವಸ್ತುಗಳಿಗೆಂದೇ ಇರುವಂಥದ್ದು. ಇಲ್ಲವಾದರೆ ಠಾಣೆಯನ್ನು ಬಿಟ್ಟು ಎ.ಸಿ.ಪಿ. ಅಥವಾ ಡಿ.ಸಿ.ಪಿ.ಯವರನ್ನು ಕಚೇರಿಯಲ್ಲಿ ಖುದ್ದಾಗಿ ಕಂಡು, ಒಂದೇ ಹಾಳೆಯಲ್ಲಿ ಬರೆದದ್ದನ್ನು ಕೈಗೆ ಕೊಡಿ.

ವಕೀಲ, ಹಾಸನ

ಹಿರಿಯರು ಹೇಳಿದ್ದಕ್ಕೆ ಕಾನೂನಿನ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಈ ವಿಷಯದಲ್ಲಿ ಜನರಿಗಿರುವ ಭಯದ ಬಹುಪಾಲು, ಮಾಹಿತಿ ಕೊಡುವುದಕ್ಕೂ ಸಾಕ್ಷಿ ಹೇಳುವುದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಹುಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ.

ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಮು, ಅಪರಾಧದ ಮಾಹಿತಿ ತನಗೆ ಎಲ್ಲಿಂದ ಬಂತು ಎಂಬುದನ್ನು ಹೇಳುವಂತೆ ಅಧಿಕಾರಿಯನ್ನು ಯಾರೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ. ಹಾಗಾಗಿ ದಾಖಲೆಗಳಲ್ಲಿ "ಖಚಿತ ಮಾಹಿತಿಯ ಮೇರೆಗೆ" ಎಂದಷ್ಟೇ ಇರುತ್ತದೆ. ಮಾಹಿತಿದಾರರನ್ನು ಸಾಕ್ಷಿಪಟ್ಟಿಗೆ ಸೇರಿಸಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಪ್ರಕರಣ ನಿಲ್ಲುವುದು ವಶಪಡಿಸಿಕೊಂಡ ಮಾಲು, ಮಹಜರು ಮತ್ತು ಪ್ರಯೋಗಾಲಯದ ವರದಿಯ ಮೇಲೆ. ಪಂಚರಾಗಿ, ಅಂದರೆ ಜಪ್ತಿಯ ಸ್ಥಳದ ಸಾಕ್ಷಿಗಳಾಗಿ, ಸಹಿ ಹಾಕಿದವರು ಮಾತ್ರ ಮುಂದೆ ನ್ಯಾಯಾಲಯಕ್ಕೆ ಬರಬೇಕಾಗುತ್ತದೆ. ಮಾಹಿತಿ ಕೊಟ್ಟವರೇ ಪಂಚರಾಗಬೇಕೆಂದು ಯಾರಾದರೂ ಕೇಳಿದರೆ ಅದು ಅವಿವೇಕ, ನಯವಾಗಿ ನಿರಾಕರಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮೂಲಕ ದಾಖಲಿಸುವುದನ್ನು ಕಡ್ಡಾಯ ಮಾಡಿರುವುದರಿಂದ, ಸಹಿಗಾಗಿ ಬೀದಿಯವರನ್ನೇ ನೆಚ್ಚಿಕೊಳ್ಳುವ ಅಭ್ಯಾಸ ಕಡಿಮೆಯಾಗಬೇಕು.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ದುರುದ್ದೇಶದಿಂದ ಸುಳ್ಳು ಮಾಹಿತಿ ಕೊಟ್ಟು ಒಬ್ಬರ ಬಂಧನಕ್ಕೋ ಶೋಧಕ್ಕೋ ಕಾರಣರಾದವರಿಗೆ ಇದೇ ಕಾಯ್ದೆಯ 58ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಸೆರೆವಾಸವಿದೆ. ಬಾಡಿಗೆ ಜಗಳ, ನೀರಿನ ಜಗಳ, ಜಾತಿಯ ಮುನಿಸು, ಇವು ಗಾಂಜಾ ದೂರಿನ ವೇಷ ಹಾಕಿಕೊಂಡು ಬಂದದ್ದನ್ನು ನನ್ನ ವೃತ್ತಿಯಲ್ಲಿ ನೋಡಿದ್ದೇನೆ.

ಪ್ರಮಾಣದ ವಿಷಯವೂ ಮುಖ್ಯ. ಗಾಂಜಾ ಒಂದು ಕಿಲೋಗಿಂತ ಕಡಿಮೆ ಇದ್ದರೆ ಅದು ಅಲ್ಪ ಪ್ರಮಾಣ, ಶಿಕ್ಷೆ ಒಂದು ವರ್ಷದವರೆಗೆ. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ನಿಮ್ಮ ಓಣಿಯವನ ಬಳಿ ಸಿಗುವುದು ಕೆಲವು ನೂರು ಗ್ರಾಂ ಮಾತ್ರ ಆಗಿರಬಹುದು, ಅವನು ಬೇಗನೆ ಜಾಮೀನಿನ ಮೇಲೆ ಹೊರಬರುತ್ತಾನೆ. ಆಗ "ಪೊಲೀಸರು ಹಣ ತಿಂದು ಬಿಟ್ಟರು" ಎಂದು ತೀರ್ಮಾನಿಸಬೇಡಿ.

ಆ ಚಿಕ್ಕ ಹುಡುಗನ ವಿಷಯವೇ ಬೇರೆ. ಮಕ್ಕಳನ್ನು ಮಾದಕವಸ್ತು ಮಾರಲು, ಸಾಗಿಸಲು ಬಳಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ 78ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಅವನನ್ನು ಅಪರಾಧಿಯ ಸಾಲಿನಲ್ಲಿ ನಿಲ್ಲಿಸುವ ಮೊದಲು, ಬಲಿಪಶುವಾಗಿ ಕಾಣಬೇಕಾದ ಮಗು ಅವನು. ದಯವಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಪ್ರತ್ಯೇಕವಾಗಿ ತಿಳಿಸಿ.

ಒಬ್ಬ ತಂದೆ, ಶಿವಮೊಗ್ಗ

ಸುಳ್ಳು ಮಾಹಿತಿಯ ಬಗ್ಗೆ ವಕೀಲರು ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾವು ಮನೆಯಲ್ಲಿ ಅನುಭವಿಸಿದ್ದೇವೆ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ವಾಟ್ಸ್‌ಆಪ್ ಗುಂಪಿನಲ್ಲಿ ಯಾರೋ ನಾಲ್ವರು ಹುಡುಗರ ಫೋಟೊ ಹಾಕಿ, "ಗಾಂಜಾ ಗ್ಯಾಂಗ್, ಎಚ್ಚರ" ಎಂದು ಬರೆದರು. ನಾಲ್ವರಲ್ಲಿ ಒಬ್ಬ ನನ್ನ ಮಗ. ಅವನು ಟ್ಯೂಷನ್ ಮುಗಿಸಿ ಖಾಲಿ ನಿವೇಶನದ ಪಕ್ಕ ಗೆಳೆಯನ ಬೈಕಿಗಾಗಿ ಕಾಯುತ್ತಿದ್ದ, ಅಷ್ಟೇ. ಆ ನಿವೇಶನದಲ್ಲಿ ಮಾರಾಟ ನಡೆಯುತ್ತಿದ್ದುದು ನಿಜ ಎಂದು ಆಮೇಲೆ ತಿಳಿಯಿತು. ಆದರೆ ಫೋಟೊದಲ್ಲಿದ್ದ ಮಕ್ಕಳು ಅದಕ್ಕೆ ಸೇರಿದವರಲ್ಲ.

ಸಂಜೆಯೊಳಗೆ ಆ ಫೋಟೊ ಅವನ ಕಾಲೇಜಿನ ಗುಂಪಿಗೂ, ನನ್ನ ಅಂಗಡಿಯ ಗಿರಾಕಿಗಳಿಗೂ, ಊರಿನಲ್ಲಿರುವ ನನ್ನ ತಾಯಿಗೂ ತಲುಪಿತ್ತು. ಠಾಣೆಗೆ ನಾವೇ ಕರೆದುಕೊಂಡು ಹೋದೆವು. ಅಲ್ಲಿನ ಇನ್‌ಸ್ಪೆಕ್ಟರ್ ಗೌರವದಿಂದ ಮಾತನಾಡಿಸಿ, ವಿಚಾರಿಸಿ, ಏನೂ ಇಲ್ಲವೆಂದು ಕಳುಹಿಸಿದರು. ಗುಂಪಿನಲ್ಲಿ ಫೋಟೊ ಅಳಿಸಿದರು. ತಪ್ಪಾಯಿತೆಂದು ಒಬ್ಬರೂ ಬರೆಯಲಿಲ್ಲ. ಮಗ ಎರಡು ತಿಂಗಳು ಕಾಲೇಜಿಗೆ ಹೋಗಲಿಲ್ಲ, ಮನೆಗೆ ಬಂದವರ ಎದುರು ಬರುತ್ತಿರಲಿಲ್ಲ.

ನಾನು ಮಾರಾಟಗಾರರ ಪರವಾಗಿ ಬರೆಯುತ್ತಿಲ್ಲ. ಕಾರ್ಯದರ್ಶಿಯವರಿಗೆ ನನ್ನ ಬೇಡಿಕೆ ಇಷ್ಟೇ: ನಿಮ್ಮ ಸಂಘದ ಗುಂಪಿನಲ್ಲಿ ಯಾರ ಮುಖವೂ, ಹೆಸರೂ ಬರದಂತೆ ಮೊದಲು ಕಟ್ಟುನಿಟ್ಟು ಮಾಡಿ. ತಿಳಿಸಬೇಕಾದವರಿಗೆ ತಿಳಿಸಿ, ಊರಿಗೆಲ್ಲ ಸಾರಬೇಡಿ.

ಸಂಘದ ಕಾರ್ಯದರ್ಶಿ, ಮೈಸೂರು

ಸರ್, ನಿಮ್ಮ ಬರಹವನ್ನು ಎರಡು ಸಾರಿ ಓದಿದೆ. ನಮ್ಮ ಗುಂಪಿನಲ್ಲಿಯೂ ಅಂಥ ಎರಡು ಫೋಟೊಗಳು ಇದ್ದವು, ಒಂದನ್ನು ಹಾಕಿದವರು ನಮ್ಮ ಸಂಘದ ಖಜಾಂಚಿ. ಇವತ್ತೇ ತೆಗೆಸಿದ್ದೇನೆ, ಇನ್ನು ಮುಂದೆ ಯಾರೂ ಹಾಕಬಾರದೆಂದು ಬರೆದಿದ್ದೇನೆ. ನಿಮ್ಮ ಮಗ ಈಗ ಹೇಗಿದ್ದಾನೆ ಎಂಬುದನ್ನು ಬಿಡುವಾದಾಗ ತಿಳಿಸಿ.

ಕಾಲೇಜು ಉಪನ್ಯಾಸಕ, ಮಂಗಳೂರು

ಬೀದಿಯ ಸಣ್ಣ ಮಾಹಿತಿಯಿಂದ ಏನಾದೀತು ಎಂಬ ನಿರಾಶೆಗೆ ನಮ್ಮ ಊರಿನ ಒಂದು ಉದಾಹರಣೆ ಇದೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿ.ಸಿ.ಬಿ. (ನಗರ ಅಪರಾಧ ವಿಭಾಗ) ಪೊಲೀಸರು ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿ, ಸುಮಾರು 75 ಕೋಟಿ ರೂಪಾಯಿ ಮೌಲ್ಯದ 37 ಕಿಲೋಗೂ ಹೆಚ್ಚು ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತುವನ್ನು ವಶಪಡಿಸಿಕೊಂಡರು. ಆ ತನಿಖೆಯ ಮೊದಲ ಎಳೆ ಸಿಕ್ಕಿದ್ದು 2024ರಲ್ಲಿ, ನಮ್ಮ ಪಂಪ್‌ವೆಲ್ ಬಳಿ 15 ಗ್ರಾಂ ಎಂಡಿಎಂಎಯೊಂದಿಗೆ ಸಿಕ್ಕಿಬಿದ್ದ ಒಬ್ಬನಿಂದ. ಅವನಿಗೆ ಕೊಟ್ಟವನು ಯಾರು, ಆ ಕೊಟ್ಟವನಿಗೆ ಎಲ್ಲಿಂದ ಬಂತು ಎಂದು ತಿಂಗಳುಗಟ್ಟಲೆ ಹಿಂಬಾಲಿಸಿದ್ದರಿಂದ 15 ಗ್ರಾಂ 37 ಕಿಲೋವಿನ ತನಕ ಒಯ್ದಿತು.

ನಿಮ್ಮ ಮೈಸೂರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2025ರ ಜುಲೈನಲ್ಲಿ, ವರ್ತುಲ ರಸ್ತೆಯ ಬದಿಯ ಕಟ್ಟಡವೊಂದರಲ್ಲಿ ಮೆಫೆಡ್ರೋನ್ ಎಂಬ ಮಾದಕವಸ್ತು ತಯಾರಿಸುತ್ತಿದ್ದುದನ್ನು ಪತ್ತೆ ಮಾಡಿದವರು ಮುಂಬೈನ ಸಾಕಿನಾಕಾ ಠಾಣೆಯವರು. ವಶವಾದ ಮಾಲಿನ ಬೆಲೆ ನೂರಾರು ಕೋಟಿ. ಅಲ್ಲಿ ಏನು ನಡೆಯುತ್ತಿದೆ ಎಂಬುದು ಸುತ್ತಲಿನವರಿಗೆ ತಿಳಿಯಲಿಲ್ಲವೋ, ತಿಳಿದರೂ ಹೇಳಲು ಯಾರ ಮೇಲೂ ಭರವಸೆ ಇರಲಿಲ್ಲವೋ, ದೂರದಲ್ಲಿರುವ ನಾನು ಹೇಳಲಾರೆ. ಆದರೆ ಮೈಸೂರಿನ ಸುದ್ದಿ ಮೈಸೂರಿನ ಬೀಟ್ ಪೇದೆಗೆ ಮೊದಲು ತಲುಪಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದ ಮೇಡಂ, ಒಂದು ಸ್ಕೂಟರಿನ ಸಂಖ್ಯೆ ಕ್ಷುಲ್ಲಕವೆಂದು ಬಿಡಬೇಡಿ.

ಆಟೊ ಚಾಲಕ, ಮೈಸೂರು

ನಾನು ಓದಿದ್ದು ಹತ್ತನೇ ತರಗತಿಯವರೆಗೆ. ನನ್ನ ಮಾತು ಒರಟಾಗಿ ಕಂಡರೆ ದೊಡ್ಡವರು ಮನ್ನಿಸಬೇಕು.

ನಾನಿರುವುದು ಕೊಳೆಗೇರಿ ಮಂಡಳಿ ಕಟ್ಟಿಕೊಟ್ಟ ಮನೆಗಳಲ್ಲಿ. ನಿಮ್ಮಂಥ ಬಡಾವಣೆಗಳಿಂದ ದೂರು ಹೋದ ರಾತ್ರಿ ಪೊಲೀಸರು ಮೊದಲು ಬರುವುದು ನಮ್ಮ ಬೀದಿಗೆ. ಕೂದಲಿಗೆ ಬಣ್ಣ ಹಾಕಿಕೊಂಡ ಹುಡುಗ, ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತ ಹುಡುಗ, ಇವರನ್ನು ಗಾಡಿಗೆ ಹತ್ತಿಸುತ್ತಾರೆ. ಬೆಳಿಗ್ಗೆ ಬಿಡುತ್ತಾರೆ, ನಿಜ. ಆದರೆ ಆ ರಾತ್ರಿ ತಾಯಂದಿರು ಠಾಣೆಯ ಮುಂದೆ ಕೂತು ಅಳುತ್ತಿರುತ್ತಾರೆ. ನಮ್ಮಲ್ಲಿ ಮಾರುವವರು ಇಲ್ಲವೆಂದು ಹೇಳುವುದಿಲ್ಲ, ಇದ್ದಾರೆ. ಕೊಳ್ಳಲು ಬರುವವರು ಮಾತ್ರ ಕಾರಿನಲ್ಲಿ, ಒಳ್ಳೆಯ ಬೈಕಿನಲ್ಲಿ ಬರುತ್ತಾರೆ. ಅವರನ್ನು ಯಾರೂ ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ಮಾರುವವರಿಂದ ಮೊದಲು ಹಾಳಾಗುತ್ತಿರುವುದು ನಮ್ಮ ಮಕ್ಕಳೇ. ನನ್ನ ಅಕ್ಕನ ಮಗ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಮೂಸುವುದರಿಂದ ಶುರು ಮಾಡಿ ಸೊಪ್ಪಿಗೆ, ಅಂದರೆ ಗಾಂಜಾಕ್ಕೆ, ಬಂದ, ಈಗ ಮಾತ್ರೆ ಎನ್ನುತ್ತಾನೆ. ಇದು ನಿಲ್ಲಬೇಕೆಂದು ನಿಮಗಿಂತ ಹೆಚ್ಚು ಬೇಕಾಗಿರುವುದು ನಮಗೆ. ಆದರೆ ನಾನು ಠಾಣೆಗೆ ಹೋಗಿ ಹೇಳಿದರೆ ಮೊದಲ ಪ್ರಶ್ನೆ, ನಿನಗೆ ಹೇಗೆ ಗೊತ್ತು, ನೀನೂ ಅವರ ಜೊತೆಗಿದ್ದವನಾ ಎಂದು. ಹೀಗಿರುವಾಗ ನಮ್ಮಂಥವರು ಹೇಳುವುದು ಹೇಗೆ?

ನಿವೃತ್ತ ಎ.ಎಸ್.ಐ., ಮಂಡ್ಯ

ತಮ್ಮಾ, ನಿಮ್ಮ ಪ್ರಶ್ನೆಯೇ ಇಡೀ ಚರ್ಚೆಯ ಬೇರು. ನಾನು ಕೆಲಸಕ್ಕೆ ಸೇರಿದಾಗ ಬೀಟ್ ಎಂದರೆ ಸೈಕಲ್ ಮೇಲೆ ಹೋಗಿ ಗೋಡೆಗೆ ತೂಗುಹಾಕಿದ ಪುಸ್ತಕಕ್ಕೆ ಸಹಿ ಹಾಕಿ ಬರುವುದಾಗಿತ್ತು. ಅದೇ ಪೇದೆ ಎರಡು ಮೂರು ವರ್ಷ ಅದೇ ಬೀದಿಯಲ್ಲಿ ಓಡಾಡುತ್ತಿದ್ದುದರಿಂದ ಯಾರ ಮಗ ಶಾಲೆ ಬಿಟ್ಟ, ಯಾರ ಮನೆಗೆ ಹೊಸ ಬಾಡಿಗೆದಾರರು ಬಂದರು ಎಂಬುದು ಅವನಿಗೆ ತಾನಾಗಿಯೇ ತಿಳಿಯುತ್ತಿತ್ತು. ಅವನು ಚಹಾ ಕುಡಿಯಲು ನಿಂತ ಐದು ನಿಮಿಷದಲ್ಲಿ ಯಾರಾದರೂ ಒಂದು ಮಾತು ಹೇಳಿ ಹೋಗುತ್ತಿದ್ದರು, ಅದಕ್ಕೆ ದೂರು ಎಂಬ ಹೆಸರೂ ಇರುತ್ತಿರಲಿಲ್ಲ. ಬಂದೋಬಸ್ತ್, ನ್ಯಾಯಾಲಯ, ಸಮನ್ಸ್ ಎಂದು ಪೇದೆಯನ್ನು ದಿನಕ್ಕೊಂದು ಕಡೆ ಓಡಿಸತೊಡಗಿದ ಮೇಲೆ ಆ ಸಂಬಂಧ ಕಡಿದುಹೋಯಿತು.

2025ರ ಜುಲೈನಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂಬ ಯೋಜನೆಯನ್ನು ಆರಂಭಿಸಿದ್ದರ ಉದ್ದೇಶ ಇದನ್ನೇ ಮರಳಿ ಕಟ್ಟುವುದು. ಬೀಟ್ ಸಿಬ್ಬಂದಿ ಮನೆಗಳಿಗೆ ಹೋಗಿ, ಬೀದಿಯ ತೊಂದರೆಗಳನ್ನು ಕೇಳಿ ಬರೆದುಕೊಳ್ಳಬೇಕು. ಎಲ್ಲ ಮನೆಗಳಿಗೂ ಅವರು ಹೋಗುವುದರಿಂದ ನಿಮ್ಮ ಮನೆಗೆ ಬಂದರೂ ಯಾರಿಗೂ ಅನುಮಾನ ಬರುವುದಿಲ್ಲ, ಇದು ಆ ಪದ್ಧತಿಯ ದೊಡ್ಡ ಲಾಭ. ನಿಮ್ಮ ಬೀದಿಗೆ ಇನ್ನೂ ಬಂದಿಲ್ಲವಾದರೆ ನಾಲ್ಕು ಮನೆಯವರು ಸೇರಿ ಬರುವಂತೆ ಕೇಳಿ, ಅದು ನಿಮ್ಮ ಹಕ್ಕು. ಠಾಣೆಯಲ್ಲಿ ಅವಮಾನವೋ ಅಕ್ರಮ ಬಂಧನವೋ ಆದರೆ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಬಹುದು. ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಬಂದ ವ್ಯವಸ್ಥೆ ಅದು. ರಾತ್ರಿ ಹುಡುಗರನ್ನು ಗುಡ್ಡೆಹಾಕಿಕೊಂಡು ಹೋಗುವುದರಿಂದ ಒಬ್ಬ ಮಾರಾಟಗಾರನೂ ಸಿಗುವುದಿಲ್ಲ, ಇದ್ದ ನಾಲ್ಕು ಮಾಹಿತಿದಾರರೂ ಬಾಯಿ ಮುಚ್ಚುತ್ತಾರೆ. ನಾನು ಸೇವೆಯಲ್ಲಿದ್ದಾಗಲೂ ಇದನ್ನು ಹೇಳಿದ್ದೇನೆ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಧಾರವಾಡ

ಆಟೊ ಚಾಲಕರಾದ ಅಣ್ಣನವರ ಅಕ್ಕನ ಮಗನ ಬಗ್ಗೆ ಓದಿ ಬರೆಯುತ್ತಿದ್ದೇನೆ. ಮಾರುವವನ ಮಾಹಿತಿ ಪೊಲೀಸರಿಗೆ ಹೋಗಬೇಕು. ವ್ಯಸನಕ್ಕೆ ಬಿದ್ದ ಮಗುವಿನ ಮಾಹಿತಿ ವೈದ್ಯರಿಗೆ ಹೋಗಬೇಕು. ಈ ಎರಡನ್ನು ಬೆರೆಸಿದಾಗ ತಾಯಂದಿರು ಎರಡನ್ನೂ ಮುಚ್ಚಿಡುತ್ತಾರೆ, ಏಕೆಂದರೆ ಮಾರುವವನ ಹೆಸರು ಹೇಳಿದರೆ ಮಗನೂ ಒಳಗೆ ಹೋಗುತ್ತಾನೆಂಬ ಭಯ ಅವರಿಗೆ. ಎನ್‌ಡಿಪಿಎಸ್ ಕಾಯ್ದೆಯ 64-ಎ ಕಲಮು ಈ ಭಯಕ್ಕೆ ಪರಿಹಾರವಾಗಿಯೇ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ ಅವನನ್ನು ಅದಕ್ಕಾಗಿ ಶಿಕ್ಷೆಗೆ ಗುರಿಪಡಿಸುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು.

14446 ವ್ಯಸನಮುಕ್ತಿಗೆಂದೇ ಇರುವ ಉಚಿತ ಸಹಾಯವಾಣಿ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು. ಮೈಸೂರಿನವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಹತ್ತಿರ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ದಯವಿಟ್ಟು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಮಾತ್ರೆಗಳ ಅಭ್ಯಾಸವನ್ನು ಒಮ್ಮೆಲೇ ನಿಲ್ಲಿಸಿದಾಗ ಬರುವ ನಡುಕ, ವಾಂತಿ, ನಿದ್ರೆಯಿಲ್ಲದ ಒದ್ದಾಟ ಕೆಲವೊಮ್ಮೆ ಜೀವಕ್ಕೇ ಅಪಾಯವಾಗುತ್ತದೆ, ಅದನ್ನು ವೈದ್ಯರ ಕಣ್ಣಳತೆಯಲ್ಲಿ ಮಾಡಬೇಕು.

ಕಾರ್ಯದರ್ಶಿಯವರೇ, ನಿಮಗೆ ಸಿಕ್ಕ ಖಾಲಿ ಪಟ್ಟಿಗಳ ಮೇಲೆ ಔಷಧದ ಹೆಸರಿರುತ್ತದೆ, ಬರೆದಿಟ್ಟುಕೊಳ್ಳಿ. ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳನ್ನು ಪುಡಿಮಾಡಿ ಸೂಜಿಯಿಂದ ಚುಚ್ಚಿಕೊಂಡ ಹುಡುಗರು ನಮ್ಮಲ್ಲಿಗೆ ಬರುತ್ತಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಇಂಥವನ್ನು ಕೊಡುವ ಅಂಗಡಿಯ ಮೇಲೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಬಹುದು.

ಲಂಡನ್ನಿನಲ್ಲಿರುವ ಕನ್ನಡಿಗ

ಮೂಲತಃ ಚಾಮರಾಜನಗರದವನು, 15 ವರ್ಷದಿಂದ ಪೂರ್ವ ಲಂಡನ್ನಿನಲ್ಲಿದ್ದೇನೆ. ಇಲ್ಲಿಯ ಪದ್ಧತಿ ನಮ್ಮದಕ್ಕಿಂತ ಎಲ್ಲದರಲ್ಲಿಯೂ ಮೇಲು ಎಂದು ಹೇಳಲು ಬರೆಯುತ್ತಿಲ್ಲ, ಇಲ್ಲಿಯೂ ಮಾರಾಟ ನಿಂತಿಲ್ಲ. ಆದರೆ ಎರಡು ಸಂಗತಿಗಳು ಕಾರ್ಯದರ್ಶಿಯವರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ.

ಇಲ್ಲಿ ಕ್ರೈಮ್‌ಸ್ಟಾಪರ್ಸ್ ಎಂಬ ದತ್ತಿ ಸಂಸ್ಥೆ 1988ರಿಂದ ಇದೆ. ಅದು ಪೊಲೀಸ್ ಇಲಾಖೆಯ ಭಾಗವಲ್ಲ. ಜನರು ಅಲ್ಲಿಗೆ ಕರೆ ಮಾಡಿ ಹೇಳುತ್ತಾರೆ. ಸಂಸ್ಥೆಯವರು ಹೆಸರು ಕೇಳುವುದಿಲ್ಲ, ಕರೆಯನ್ನು ಧ್ವನಿಮುದ್ರಿಸಿಕೊಳ್ಳುವುದಿಲ್ಲ, ಮಾಹಿತಿಯಲ್ಲಿ ಹೇಳಿದವರ ಗುರುತು ಸಿಗುವಂಥ ಮಾತಿದ್ದರೆ ಅದನ್ನು ತೆಗೆದು ಪೊಲೀಸರಿಗೆ ಕಳುಹಿಸುತ್ತಾರೆ. ಹೆಸರನ್ನು ಗುಟ್ಟಾಗಿಡುತ್ತೇವೆ ಎಂಬ ಭರವಸೆಗಿಂತ, ಹೆಸರೇ ಅವರ ಬಳಿ ಇರುವುದಿಲ್ಲ ಎಂಬುದು ಜನರಿಗೆ ಹೆಚ್ಚು ಧೈರ್ಯ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಇಂಥದ್ದೊಂದು ಬರಬೇಕೆಂಬುದು ನನ್ನ ಆಸೆ.

ಎರಡನೆಯದು, ನಮ್ಮ ಕಟ್ಟಡದ ಅನುಭವ. ನೆಲಮಹಡಿಯಲ್ಲಿ ಒಬ್ಬಂಟಿಯಾಗಿದ್ದ ಅಂಗವಿಕಲರೊಬ್ಬರ ಮನೆಗೆ ಮಾರಾಟಗಾರರು ಸ್ನೇಹದ ನೆಪದಲ್ಲಿ ಸೇರಿಕೊಂಡು, ಕೊನೆಗೆ ಆ ಮನೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ನಾವು ಒಂಬತ್ತು ಮನೆಯವರು ಒಟ್ಟಾಗಿ ಒಂದು ಅರ್ಜಿ ಕೊಟ್ಟಾಗ ಆಗದ ಕೆಲಸ, ಒಬ್ಬೊಬ್ಬರೂ ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ತಿಳಿಸಿದಾಗ ಆಯಿತು. ಒಂದು ಅರ್ಜಿಗೆ ಎಷ್ಟೇ ಸಹಿಗಳಿದ್ದರೂ ಅದು ಒಂದೇ ದಾಖಲೆ. ಒಂಬತ್ತು ದಾಖಲೆಗಳು ಒಂದೇ ವಿಳಾಸವನ್ನು ತೋರಿಸಿದಾಗ ವಾರ್ಡಿನ ಅಧಿಕಾರಿಗೆ ಮೇಲಿನವರನ್ನು ಒಪ್ಪಿಸಲು ಆಧಾರ ಸಿಕ್ಕಿತು. ನ್ಯಾಯಾಲಯ ಆ ಮನೆಗೆ ಹೊರಗಿನವರ ಪ್ರವೇಶವನ್ನು ಮೂರು ತಿಂಗಳು ನಿಷೇಧಿಸಿತು, ಆ ವ್ಯಕ್ತಿಗೆ ಬೇರೆಡೆ ಆಸರೆ ಸಿಕ್ಕಿತು. ನಿಮ್ಮ ಬೀದಿಯಲ್ಲಿ ಒಬ್ಬಂಟಿ ವೃದ್ಧರಿದ್ದರೆ ಅವರ ಮನೆಗೆ ಹೊಸದಾಗಿ ಯಾರು ಬಂದು ಹೋಗುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ಅನುಮಾನಕ್ಕಾಗಿ ಅಲ್ಲ, ಅವರ ರಕ್ಷಣೆಗಾಗಿ.

ಸಂಘದ ಕಾರ್ಯದರ್ಶಿ, ಮೈಸೂರು

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಕೆಲಸ ಮುಗಿಯುವ ಮೊದಲು ಇಲ್ಲಿ ಬರೆಯುವುದು ಸರಿಯಲ್ಲವೆಂದು ಸುಮ್ಮನಿದ್ದೆ.

ನಿಮ್ಮೆಲ್ಲರ ಮಾತನ್ನು ಓದಿದ ಮೇಲೆ, ಓಣಿ ಕಾಣುವ ಹನ್ನೊಂದು ಮನೆಗಳವರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿದೆ, ಸಭೆ ಕರೆಯಲಿಲ್ಲ. ಆರು ಮನೆಯವರು ಒಪ್ಪಿದರು. ಪ್ರತಿಯೊಬ್ಬರೂ ತಮ್ಮ ಮನೆಯ ಕಿಟಕಿಯಿಂದ ಕಂಡದ್ದನ್ನು ಮಾತ್ರ ಒಂದು ನೋಟುಪುಸ್ತಕದಲ್ಲಿ ದಿನಾಂಕ, ಸಮಯ, ವಾಹನ ಎಂದು ಬರೆದರು, ಯಾರ ಹೆಸರನ್ನೂ ಬರೆಯಲಿಲ್ಲ, ಯಾರ ಬೆನ್ನನ್ನೂ ಹತ್ತಲಿಲ್ಲ. ಮೂರು ವಾರ ಕಳೆದಾಗ ಮಂಗಳವಾರ ಮತ್ತು ಶುಕ್ರವಾರ ಸಂಜೆ ಬೇರೆ ಒಂದು ವಾಹನ ಬಂದು ಸ್ಕೂಟರಿನವನಿಗೆ ಚೀಲ ಕೊಟ್ಟು ಹೋಗುತ್ತದೆ ಎಂಬುದು ಎಲ್ಲರ ಪುಸ್ತಕಗಳಿಂದಲೂ ತಾನಾಗಿ ಎದ್ದು ಬಂತು. ನಾಲ್ವರು 1933ಕ್ಕೆ ಬೇರೆ ಬೇರೆಯಾಗಿ ತಿಳಿಸಿದರು. ನಾನು ಎ.ಸಿ.ಪಿ.ಯವರನ್ನು ಕಂಡು ಹಾಳೆಯನ್ನು ಕೊಟ್ಟೆ, ಗೇಟಿನ ಮುಂದೆ ನಡೆದದ್ದನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನನ್ನ ಫೋನ್ ಸಂಖ್ಯೆಯನ್ನು ಬರೆದುಕೊಳ್ಳದೆ ತಮ್ಮದನ್ನು ಕೊಟ್ಟರು.

ಒಂದು ಶುಕ್ರವಾರ ಮಫ್ತಿಯಲ್ಲಿದ್ದವರು ಸ್ಕೂಟರಿನವನನ್ನೂ ಚೀಲ ತಂದವನನ್ನೂ ಹಿಡಿದರು. ಸ್ಕೂಟರಿನವನ ಬಳಿ ಸಿಕ್ಕಿದ್ದು ಒಂದು ಕಿಲೋಗಿಂತ ಕಡಿಮೆ. ವಕೀಲರು ಹೇಳಿದಂತೆಯೇ ಅವನು ಈಗ ಜಾಮೀನಿನ ಮೇಲಿದ್ದಾನೆ, ಮೊನ್ನೆ ಮುಖ್ಯರಸ್ತೆಯ ಚಹಾ ಅಂಗಡಿಯಲ್ಲಿ ಕಂಡ. ನನ್ನ ಎದೆ ಹೊಡೆದುಕೊಂಡಿತು, ಅವನು ನನ್ನನ್ನು ಗುರುತಿಸಿದಂತೆ ಕಾಣಲಿಲ್ಲ. ಪಾಲಿಕೆಗೆ ಐದನೆಯ ಸಾರಿ ಬರೆದ ಮೇಲೆ ಬೀದಿದೀಪ ಬಂತು. ಪಂಪ್‌ಹೌಸಿನ ಬಾಗಿಲಿಗೆ ಬೀಗ ಬಿದ್ದಿದೆ. ಬೀಟಿನ ಮಹಿಳಾ ಸಿಬ್ಬಂದಿ ವಾರಕ್ಕೊಮ್ಮೆ ಎಲ್ಲ ಮನೆಗಳಿಗೂ ಬರುತ್ತಾರೆ.

ಆ ಚಿಕ್ಕ ಹುಡುಗನ ವಿಷಯವನ್ನು 1098ಕ್ಕೆ ಮೊದಲೇ ತಿಳಿಸಿದ್ದೆ. ಅವನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ, ಈಗ ತಾಯಿಯ ಜೊತೆಗಿದ್ದಾನೆ. ಶಾಲೆಗೆ ಮರಳಿ ಸೇರಿದ್ದಾನೆ, ಹೋಗುವುದು ವಾರಕ್ಕೆ ಮೂರು ದಿನ. ಗಣಿತದಲ್ಲಿ ಬಹಳ ಹಿಂದಿದ್ದಾನೆಂದು ತಿಳಿದು ಭಾನುವಾರ ಬೆಳಿಗ್ಗೆ ನನ್ನಲ್ಲಿಗೆ ಕಳುಹಿಸಲು ಹೇಳಿದ್ದೇನೆ. ಎರಡು ಭಾನುವಾರ ಬಂದ, ಕಳೆದ ಭಾನುವಾರ ಬರಲಿಲ್ಲ.

ಒಬ್ಬ ತಂದೆ, ಶಿವಮೊಗ್ಗ

ಮೇಡಂ, ನೀವು ಕೇಳಿದ್ದಿರಿ. ನನ್ನ ಮಗ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಆ ಬೀದಿಯ ದಾರಿಯಲ್ಲಿ ಮಾತ್ರ ಇವತ್ತಿಗೂ ಹೋಗುವುದಿಲ್ಲ, ಸುತ್ತಿಕೊಂಡು ಬರುತ್ತಾನೆ. ನಿಮ್ಮ ಆರು ಮನೆಗಳವರು ಹೆಸರು ಬರೆಯದೆ ಇದ್ದದ್ದನ್ನು ಅವನಿಗೆ ಓದಿ ಹೇಳಿದೆ.

ಆಟೊ ಚಾಲಕ, ಮೈಸೂರು

ಟೀಚರ್, ಅಕ್ಕನ ಮಗನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, 14446ಕ್ಕೆ ಫೋನ್ ಮಾಡಿಯೇ ದಾರಿ ತಿಳಿದದ್ದು. ನಿಮ್ಮ ಓಣಿಯಲ್ಲಿ ನಿಂತ ವ್ಯಾಪಾರ ಈಗ ರೈಲ್ವೆ ಹಳಿಯ ಆಚೆಗೆ, ನಮ್ಮ ಕಡೆಗೆ ಸರಿದಿದೆ. ಸಂಜೆ ಏಳರ ಮೇಲೆ ನೀರಿನ ಟ್ಯಾಂಕಿನ ಹತ್ತಿರ ನಿಲ್ಲುತ್ತಾರೆ. ನಮ್ಮಲ್ಲಿ ಐದು ಮನೆಯವರು ಬರೆಯಲು ಒಪ್ಪಿದ್ದಾರೆ, ಅವರಲ್ಲಿ ಇಬ್ಬರಿಗೆ ಬರೆಯಲು ಬರುವುದಿಲ್ಲ, ಅವರು ಹೇಳಿದ್ದನ್ನು ನನ್ನ ಮಗಳು ಬರೆಯುತ್ತಾಳೆ. ಆ ಎ.ಸಿ.ಪಿ. ಸಾಹೇಬರ ಬಳಿಗೆ ಹೋಗುವಾಗ ನೀವೂ ಜೊತೆಗೆ ಬರುವಿರಾ? ನಾನೊಬ್ಬನೇ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಸಂಘದ ಕಾರ್ಯದರ್ಶಿ, ಮೈಸೂರು

ಖಂಡಿತ ಬರುತ್ತೇನೆ. ಮೂರು ವಾರದ ಪುಸ್ತಕ ಮುಗಿಯಲಿ, ಆಮೇಲೆ ದಿನ ಗೊತ್ತು ಮಾಡೋಣ. ಹಾಗೆಯೇ ನೀರಿನ ಟ್ಯಾಂಕಿನ ಬಳಿಯ ದೀಪದ ಕಂಬದ ಸಂಖ್ಯೆಯನ್ನು ನೋಡಿ ನನಗೆ ತಿಳಿಸಿ. ಪಾಲಿಕೆಗೆ ಅರ್ಜಿಯನ್ನು ಇವತ್ತೇ ಹಾಕಿದರೆ, ನಮಗಾದಷ್ಟು ತಿಂಗಳು ನಿಮಗೆ ಆಗದಿರಬಹುದು.